ದಿಲ್ಲಿಯ ಮತಪೆಟ್ಟಿಗೆ, ವಾಘಾದ ಗೇಟು



ನಮ್ಮ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಕೊಳೆರೋಗ, ಬೋರ್ಡೋ ದ್ರಾವಣ, ಕಾಂಡಕೊರಕ, ಗೊಬ್ಬರದ ದರ ಇಂಥ ವಿಷಯಗಳೇ ಬರುತ್ತವೆ. ಈ ಸಲ ತೋಟದ ಬೇಲಿ ದಾಟಿ ಸ್ವಲ್ಪ ದೂರ ಹೋಗಬೇಕಾಗಿದೆ. ಕಾರಣ, ಅಥಣಿ ತಾಲ್ಲೂಕಿನ ಕೊಕಟನೂರಿನ ಕಿರಾಣಿ ವ್ಯಾಪಾರಿಯೊಬ್ಬರು ನಮಗೆ ಹಾಕಿದ ಒಂದು ಪ್ರಶ್ನೆ. ಅಡಿಕೆ ವ್ಯವಹಾರದ ಮಾತು ಮುಗಿದ ಮೇಲೆ ಅವರು ಕೇಳಿದ್ದು ಇಷ್ಟೇ: "ದಿಲ್ಲಿಯೊಳಗ ಓಟು ಬಿದ್ರ ಇಲ್ಲಿ ಉತ್ತತ್ತಿ ದರ ಯಾಕ ಏರತೈತ್ರಿ?"

ಘಟ್ಟದ ಸದಸ್ಯರಿಗೆ ಉತ್ತತ್ತಿಯೆಂದರೆ ಒಣ ಖರ್ಜೂರ ಎಂದು ಹೇಳಬೇಕಾದೀತು. ನಮ್ಮಲ್ಲಿ ಅದು ಅಷ್ಟು ಬಳಕೆಯ ವಸ್ತುವಲ್ಲ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಬಾಣಂತಿಯ ಆರೈಕೆಗೆ ಕೊಬ್ಬರಿಯ ಜೊತೆಗೆ ಉತ್ತತ್ತಿ ಬೇಕು. ತೇರು ಎಳೆಯುವಾಗ ಭಕ್ತರು ಬಾಳೆಹಣ್ಣಿನೊಂದಿಗೆ ತೇರಿಗೆ ಎಸೆಯುವುದೂ ಉತ್ತತ್ತಿಯನ್ನೇ. ಈ ಉತ್ತತ್ತಿಯ ಬಹುಪಾಲು ಹಿಂದೆ ಬರುತ್ತಿದ್ದದ್ದು ಪಾಕಿಸ್ತಾನದಿಂದ, ಸಿಂಧ್ ಪ್ರಾಂತದ ಖೈರಪುರ, ಸುಕ್ಕೂರುಗಳ ಕಡೆಯಿಂದ. ಎಲ್ಲಿಯ ಸುಕ್ಕೂರು, ಎಲ್ಲಿಯ ಕೊಕಟನೂರು! ಆದರೂ ಪ್ರಶ್ನೆ ಕೇಳಿದವರ ತರ್ಕದಲ್ಲಿ ಸತ್ಯಾಂಶವಿದೆ. ಪ್ರತಿಸ್ಪರ್ಧಿ ರಾಷ್ಟ್ರದೊಡನೆ ನಮ್ಮ ಸಂಬಂಧ ಹೇಗೆ ಏರಿಳಿಯುತ್ತದೆ, ಅದರಲ್ಲಿ ಚುನಾವಣೆಯ ಪಾತ್ರ ಎಷ್ಟು ಎಂಬುದನ್ನು ನಮಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ. ಪಕ್ಷ ರಾಜಕೀಯ ನಮ್ಮ ಸಂಘದ ಕೆಲಸವಲ್ಲ. ಯಾವ ಪಕ್ಷದ ಪರವಾಗಿಯೂ ವಿರೋಧವಾಗಿಯೂ ಇದನ್ನು ಓದಬಾರದೆಂದು ವಿನಂತಿ.

ಮೊದಲು ಉತ್ತತ್ತಿಯ ಲೆಕ್ಕವನ್ನೇ ನೋಡೋಣ. 2019ರ ಫೆಬ್ರವರಿ 14ರಂದು ಕಾಶ್ಮೀರದ ಪುಲ್ವಾಮಾದಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ 40 ಮಂದಿ ಹತರಾದರು. ಅವರಲ್ಲಿ ಒಬ್ಬರು ನಮ್ಮ ಮಂಡ್ಯ ಜಿಲ್ಲೆಯ ಗುಡಿಗೆರೆಯವರು. ಮಾರನೆಯ ದಿನ ಭಾರತ ಸರಕಾರ ಪಾಕಿಸ್ತಾನಕ್ಕೆ ಕೊಟ್ಟಿದ್ದ 'ಪರಮಾಪ್ತ ರಾಷ್ಟ್ರ' ಸ್ಥಾನವನ್ನು ಹಿಂತೆಗೆದುಕೊಂಡಿತು. ಅದರ ಮರುದಿನ, 16ರಂದು, ಅಲ್ಲಿಂದ ಬರುವ ಎಲ್ಲ ಸರಕಿನ ಮೇಲೂ ಶೇಕಡಾ 200 ಆಮದು ಸುಂಕ ಬಿತ್ತು. ನೂರು ರೂಪಾಯಿಯ ಮಾಲಿಗೆ ಇನ್ನೂರು ರೂಪಾಯಿ ಸುಂಕ ಎಂದಮೇಲೆ ಯಾರು ತರಿಸಿಯಾರು? ಫೆಬ್ರವರಿ 26ರಂದು ಬಾಲಾಕೋಟದ ವಿಮಾನ ದಾಳಿ ನಡೆಯಿತು. ಮಾರ್ಚ್ 10ರಂದು ಲೋಕಸಭಾ ಚುನಾವಣೆಯ ಘೋಷಣೆಯಾಯಿತು. ಏಪ್ರಿಲ್ 18ರಂದು ಕಾಶ್ಮೀರದ ನಿಯಂತ್ರಣ ರೇಖೆಯ ಮೂಲಕ ನಡೆಯುತ್ತಿದ್ದ ವಿನಿಮಯ ವ್ಯಾಪಾರವೂ ನಿಂತಿತು. ಚಿಕ್ಕೋಡಿ ಲೋಕಸಭಾ ಕ್ಷೇತ್ರದವರು ಮತ ಹಾಕಿದ್ದು ಏಪ್ರಿಲ್ 23ರಂದು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಸುಂಕ ಹೇರಿಸಿದ್ದು ಚುನಾವಣೆಯಲ್ಲ, ಭಯೋತ್ಪಾದಕರ ಕೃತ್ಯ. ಯಾವ ಸರಕಾರವಿದ್ದರೂ ಅಂಥ ಹೊತ್ತಿನಲ್ಲಿ ಕೈಕಟ್ಟಿ ಕೂರುತ್ತಿರಲಿಲ್ಲ. ಆದರೆ ಎರಡು ತಿಂಗಳಲ್ಲಿ ಮತದಾರನ ಮುಂದೆ ನಿಲ್ಲಬೇಕಾದ ಸರಕಾರ ಬಿಗಿದ ಗಂಟನ್ನು ಅಷ್ಟು ಬೇಗ ಸಡಿಲಿಸಲಾರದು. ವಿರೋಧ ಪಕ್ಷವೂ ಸಡಿಲಿಸೆಂದು ಬಾಯಿಬಿಟ್ಟು ಕೇಳಲಾರದು. ನಮ್ಮ ಅಭಿಪ್ರಾಯದಲ್ಲಿ ಚುನಾವಣೆಯ ಮುಖ್ಯ ಪರಿಣಾಮ ಇರುವುದು ಇಲ್ಲಿಯೇ. ಜಗಳವನ್ನು ಅದು ಹುಟ್ಟಿಸುವುದಕ್ಕಿಂತ ರಾಜಿಯನ್ನು ಮುಂದೂಡುವುದೇ ಹೆಚ್ಚು. ಗದ್ದೆಯ ತಂಟೆ ಪಂಚಾಯಿತಿ ಚುನಾವಣೆಯ ವರ್ಷದಲ್ಲಿ ಬಗೆಹರಿದದ್ದನ್ನು ಯಾರಾದರೂ ಕಂಡಿದ್ದೀರಾ?

'ಪರಮಾಪ್ತ ರಾಷ್ಟ್ರ' ಎಂಬ ಹೆಸರು ಕೇಳಿ ಅನೇಕರು ತಪ್ಪು ತಿಳಿಯುತ್ತಾರೆ. ಅದು ವಿಶೇಷ ಉಪಕಾರವೇನೂ ಅಲ್ಲ. ಬೇರೆ ದೇಶಗಳಿಗೆ ಎಷ್ಟು ಸುಂಕವೋ ನಿನಗೂ ಅಷ್ಟೇ ಎಂಬ ಸಮಾನತೆಯ ಮಾತು. ಭಾರತ ಇದನ್ನು ಪಾಕಿಸ್ತಾನಕ್ಕೆ 1996ರಲ್ಲಿ ಕೊಟ್ಟಿತು. ಪಾಕಿಸ್ತಾನ ನಮಗೆ ಎಂದೂ ಕೊಡಲಿಲ್ಲ. 2014ರ ಮಾರ್ಚಿನಲ್ಲಿ ಇನ್ನೇನು ಕೊಟ್ಟೇಬಿಟ್ಟಿತು ಎಂಬಷ್ಟು ಹತ್ತಿರ ಬಂದಿತ್ತು. 'ಪರಮಾಪ್ತ' ಎಂಬ ಪದ ಅಲ್ಲಿಯವರ ಗಂಟಲಿಗೆ ಇಳಿಯದೆ ಬೇರೊಂದು ಹೆಸರನ್ನೂ ಹುಡುಕಿದ್ದರು. ಅಷ್ಟರಲ್ಲಿ ಅದು ಮುಂದಕ್ಕೆ ಹೋಯಿತು. ಭಾರತದ ಚುನಾವಣೆ ಮುಗಿಯಲಿ, ಹೊಸ ಸರಕಾರ ಬರಲಿ ಎಂಬ ಕಾರಣವೂ ಆಗ ಕೇಳಿಬಂತು. ಹೋಗಲಿರುವ ಸರಕಾರಕ್ಕೆ ಕೊಟ್ಟ ಕೊಡುಗೆ ವ್ಯರ್ಥ ಎಂಬುದು ವ್ಯಾಪಾರಿಯ ಬುದ್ಧಿ. ರಾಷ್ಟ್ರಗಳಿಗೂ ಅದೇ ಬುದ್ಧಿಯಿರುತ್ತದೆ. ಮುಂದೂಡಿದ ಆ ನಿರ್ಧಾರ ಮತ್ತೆ ಬರಲೇ ಇಲ್ಲ.

ಚುನಾವಣೆಯೊಂದು ಎರಡು ದೇಶಗಳ ಸಂಬಂಧವನ್ನು ಬುಡಮೇಲು ಮಾಡಿದ ನಿದರ್ಶನ ಬೇಕಾದರೆ 1970ಕ್ಕೆ ಹೋಗಬೇಕು. ಹಿರಿಯ ಸದಸ್ಯರಿಗೆ ಇದು ನೆನಪಿರುತ್ತದೆ. ಆದರೆ ಅದು ನಮ್ಮ ಚುನಾವಣೆಯಲ್ಲ, ಅವರದು. ಆ ವರ್ಷದ ಡಿಸೆಂಬರ್ 7ರಂದು ಪಾಕಿಸ್ತಾನದಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ ಷೇಕ್ ಮುಜೀಬುರ್ ರಹಮಾನರ ಅವಾಮಿ ಲೀಗಿಗೆ 160 ಬಂದವು. ಮಹಿಳಾ ಸ್ಥಾನಗಳೂ ಸೇರಿ 313ರಲ್ಲಿ 167. ನಿಚ್ಚಳ ಬಹುಮತ. ಪಶ್ಚಿಮದಲ್ಲಿ ಹೆಚ್ಚು ಸ್ಥಾನ ಗೆದ್ದ ಭುಟ್ಟೋ ಅವರಿಗಾಗಲಿ, ಸೇನಾಡಳಿತಗಾರ ಯಾಹ್ಯಾ ಖಾನರಿಗಾಗಲಿ ಇದನ್ನು ಒಪ್ಪುವ ಮನಸ್ಸಿರಲಿಲ್ಲ. ಗೆದ್ದವರಿಗೆ ಅಧಿಕಾರ ಕೊಡುವ ಬದಲು 1971ರ ಮಾರ್ಚ್ 25ರ ರಾತ್ರಿ ಢಾಕಾದ ಮೇಲೆ ಸೇನೆಯನ್ನು ಬಿಟ್ಟರು.

ಅದೇ ಮಾರ್ಚಿನಲ್ಲಿ ನಮ್ಮಲ್ಲಿಯೂ ಲೋಕಸಭಾ ಚುನಾವಣೆ ಮುಗಿದಿತ್ತು. ಒಂದು ವರ್ಷ ಮುಂಚಿತವಾಗಿ ನಡೆದ ಆ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ 352 ಸ್ಥಾನಗಳು ದೊರೆತವು. ನಮ್ಮ ಅಂದಿನ ಮೈಸೂರು ರಾಜ್ಯ 27ಕ್ಕೆ 27ನ್ನೂ ಕೊಟ್ಟಿತು, ಚಿಕ್ಕೋಡಿಯೂ ಅದರಲ್ಲಿ ಸೇರಿತ್ತು. ಅದಕ್ಕೆ ಮುಂಚೆ ಅವರದು ಇತರ ಪಕ್ಷಗಳ ಬೆಂಬಲದಿಂದ ನಡೆಯುತ್ತಿದ್ದ ಅಲ್ಪಮತದ ಸರಕಾರ. ಈಗ ಪೂರ್ವ ಗಡಿಯನ್ನು ದಾಟಿ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದಾಗ, ಅವರನ್ನು ಸಾಕುತ್ತ, ಒಂಬತ್ತು ತಿಂಗಳು ಕಾದು, ತಮಗೆ ಬೇಕಾದ ಹೊತ್ತಿಗೆ ಹೆಜ್ಜೆಯಿಡುವಷ್ಟು ಬಲ ಸರಕಾರಕ್ಕಿತ್ತು. ನಾಲ್ಕೈದು ಪಕ್ಷಗಳ ಊರುಗೋಲಿನ ಮೇಲೆ ನಿಂತ ಸರಕಾರ ಅಷ್ಟು ತಾಳ್ಮೆಯಿಂದ ಇರಬಹುದಿತ್ತೇ ಎಂಬುದು ನಮಗೆ ಸಂದೇಹ. ಜನರ ಕೂಗಿಗೆ ಸಿಕ್ಕು ಮಳೆಗಾಲದಲ್ಲಿಯೇ ಯುದ್ಧಕ್ಕೆ ಇಳಿಯಬೇಕಾಗುತ್ತಿತ್ತೋ ಏನೋ. ಡಿಸೆಂಬರ್ 3ಕ್ಕೆ ಆರಂಭವಾದ ಯುದ್ಧ 16ಕ್ಕೆ ಮುಗಿಯಿತು, ಸುಮಾರು 93,000 ಮಂದಿ ಸೆರೆಯಾದರು, ಬಾಂಗ್ಲಾದೇಶ ಹುಟ್ಟಿತು. 1972ರ ಆರಂಭದಲ್ಲಿ ರಾಜ್ಯ ವಿಧಾನಸಭೆಗಳಿಗೆ ಚುನಾವಣೆ ನಡೆದಾಗ ಆ ಗೆಲುವಿನ ಗಾಳಿ ಇಲ್ಲಿಯೂ ಬೀಸಿತು, ದೇವರಾಜ ಅರಸರು ಮುಖ್ಯಮಂತ್ರಿಯಾದರು. ಅಂದರೆ ಚುನಾವಣೆ ಸಂಬಂಧವನ್ನು ಬದಲಿಸಿತು, ಸಂಬಂಧ ಮತ್ತೆ ಚುನಾವಣೆಯನ್ನು ಬದಲಿಸಿತು. ಎರಡೂ ಕಡೆಗೆ ನೀರು ಹರಿಯುವ ಕಾಲುವೆ ಇದು.

1977 ಇದಕ್ಕಿಂತ ವಿಚಿತ್ರ. ಆ ಮಾರ್ಚಿನಲ್ಲಿ ಎರಡೂ ದೇಶಗಳು ಕೆಲವೇ ದಿನಗಳ ಅಂತರದಲ್ಲಿ ಮತ ಹಾಕಿದವು. ನಮ್ಮಲ್ಲಿ ಪ್ರಧಾನಿಯೇ ಸೋತರು, ಸೋತು ಸುಮ್ಮನೆ ಮನೆಗೆ ಹೋದರು. (ಉತ್ತರ ಭಾರತ ಕೊಚ್ಚಿಹೋದರೂ ಕರ್ನಾಟಕ 28ರಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಚಿಕ್ಕೋಡಿಯಿಂದ ಬಿ. ಶಂಕರಾನಂದರು ಎಂದಿನಂತೆ ಗೆದ್ದು ಬಂದರು.) ಅಲ್ಲಿ ಗೆದ್ದ ಭುಟ್ಟೋ ಅವರ ಮೇಲೆ ಮತ ಕದ್ದ ಆರೋಪ ಬಂದು, ಬೀದಿ ಗಲಭೆಯಾಗಿ, ಜುಲೈ 5ರಂದು ಜನರಲ್ ಜಿಯಾ ಉಲ್ ಹಕ್ ಅಧಿಕಾರ ಕಿತ್ತುಕೊಂಡರು. 1979ರ ಏಪ್ರಿಲ್ 4ರಂದು ಭುಟ್ಟೋ ಗಲ್ಲಿಗೇರಿದರು. ಇಲ್ಲಿ ಮತದಿಂದ ಬಂದ ಜನತಾ ಸರಕಾರ, ಅಲ್ಲಿ ಬಂದೂಕಿನಿಂದ ಬಂದ ಸೇನಾ ಸರಕಾರ. ಇವರಿಬ್ಬರಿಗೆ ಎಣ್ಣೆ-ಸೀಗೆಕಾಯಿ ಸಂಬಂಧ ಎಂದು ಯಾರಾದರೂ ಭವಿಷ್ಯ ನುಡಿದಾರು. ಆದದ್ದು ಬೇರೆ. ವಿದೇಶಾಂಗ ಮಂತ್ರಿಯಾಗಿದ್ದ ಅಟಲ ಬಿಹಾರಿ ವಾಜಪೇಯಿಯವರು 1978ರ ಫೆಬ್ರವರಿಯಲ್ಲಿ ಪಾಕಿಸ್ತಾನಕ್ಕೆ ಹೋಗಿ ಬಂದರು. ಏಪ್ರಿಲಿನಲ್ಲಿ ಚಿನಾಬ್ ನದಿಯ ಸಲಾಲ್ ಅಣೆಕಟ್ಟಿನ ಒಪ್ಪಂದಕ್ಕೆ ಸಹಿ ಬಿತ್ತು. ಹಿಂದೆ ಪಾಕಿಸ್ತಾನದ ವಿಷಯದಲ್ಲಿ ಕಟುವಾಗಿ ಮಾತನಾಡುತ್ತಿದ್ದ ಪಕ್ಷದಿಂದ ಬಂದವರೆಂಬುದೇ ಅವರಿಗೆ ಅನುಕೂಲವಾಯಿತು. ದೇಶವನ್ನು ಮಾರಿಬಿಟ್ಟರು ಎಂದು ಅವರನ್ನು ದೂರುವವರು ಯಾರು?

ಈ ತರ್ಕ ಆಚೆಯವರಿಗೂ ಗೊತ್ತು. 2019ರ ಏಪ್ರಿಲಿನಲ್ಲಿ, ನಮ್ಮಲ್ಲಿ ಮತದಾನ ಆರಂಭವಾಗುವ ಹೊತ್ತಿಗೆ ಸರಿಯಾಗಿ, ಪಾಕಿಸ್ತಾನದ ಅಂದಿನ ಪ್ರಧಾನಿ ಇಮ್ರಾನ್ ಖಾನರು ವಿದೇಶಿ ಪತ್ರಕರ್ತರ ಮುಂದೆ, ಭಾರತೀಯ ಜನತಾ ಪಕ್ಷ ಗೆದ್ದರೆ ಶಾಂತಿ ಮಾತುಕತೆಗೆ ಹೆಚ್ಚು ಅವಕಾಶವಿದ್ದೀತು ಎಂಬ ಅರ್ಥದ ಮಾತಾಡಿದರು. ಪಕ್ಷ 303 ಸ್ಥಾನ ಗೆದ್ದಿತು. ಮಾತುಕತೆ ಮಾತ್ರ ಬರಲಿಲ್ಲ. ಆಗಸ್ಟ್ 5ರಂದು ಜಮ್ಮು-ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾಯಿತು, ಅದೇ ವಾರ ಪಾಕಿಸ್ತಾನ ತಾನಾಗಿಯೇ ನಮ್ಮೊಡನೆ ವ್ಯಾಪಾರ ನಿಲ್ಲಿಸಿತು. ಭಾರೀ ಬಹುಮತವೆಂಬುದು ತುಂಬಿದ ಕೆರೆಯಂತೆ. ಅದರ ನೀರನ್ನು ಯಾವ ತೂಬಿನಿಂದ ಬಿಡುತ್ತಾರೆ ಎಂಬುದು ಕೆರೆಯನ್ನು ನೋಡಿ ತಿಳಿಯುವುದಿಲ್ಲ.

ಅಧಿಕಾರವಿಲ್ಲದ ಸರಕಾರದ ಕಾಲದ ಕಥೆ ಇನ್ನೊಂದು. 1998ರ ಚುನಾವಣೆಯಿಂದ ಬಂದ ವಾಜಪೇಯಿ ಸರಕಾರ ಮೇ ತಿಂಗಳಲ್ಲಿ ಪೋಖರಣದಲ್ಲಿ ಅಣುಸ್ಫೋಟ ನಡೆಸಿತು, ಅದೇ ತಿಂಗಳ ಕೊನೆಗೆ ಪಾಕಿಸ್ತಾನವೂ ನಡೆಸಿತು. 1999ರ ಫೆಬ್ರವರಿಯಲ್ಲಿ ಅದೇ ಪ್ರಧಾನಿ ಬಸ್ಸಿನಲ್ಲಿ ಲಾಹೋರಿಗೆ ಹೋದರು. ಏಪ್ರಿಲ್ 17ರಂದು ಲೋಕಸಭೆಯಲ್ಲಿ 269ಕ್ಕೆ 270, ಒಂದೇ ಮತದಿಂದ ಸರಕಾರ ಬಿತ್ತು. ಮೇ ತಿಂಗಳಲ್ಲಿ ಕಾರ್ಗಿಲ್ ಶಿಖರಗಳ ಮೇಲೆ ಶತ್ರು ಕುಳಿತಿರುವುದು ತಿಳಿದಾಗ ದಿಲ್ಲಿಯಲ್ಲಿದ್ದದ್ದು ಉಸ್ತುವಾರಿ ಸರಕಾರ. ಆದರೂ ಯುದ್ಧ ನಡೆಯಿತು, ನಿಯಂತ್ರಣ ರೇಖೆಯನ್ನು ದಾಟಬಾರದೆಂಬ ಕಠಿಣ ನಿರ್ಧಾರವೂ ಆಯಿತು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಚುನಾವಣೆ ನಡೆದು ಅದೇ ಸರಕಾರ ಮರಳಿತು. ಅಕ್ಟೋಬರ್ 13ರಂದು ವಾಜಪೇಯಿಯವರ ಪ್ರಮಾಣವಚನ. ಹಿಂದಿನ ದಿನವಷ್ಟೇ ಇಸ್ಲಾಮಾಬಾದಿನಲ್ಲಿ ಜನರಲ್ ಮುಷರಫ್ ಪ್ರಧಾನಿ ನವಾಜ್ ಷರೀಫರನ್ನು ಕೆಳಗಿಳಿಸಿದ್ದರು. ಯಾರೊಡನೆ ಲಾಹೋರಿನಲ್ಲಿ ಸಹಿ ಮಾಡಿದ್ದರೋ ಅವರೇ ಇರಲಿಲ್ಲ.

ಇದರಿಂದ ಒಂದು ವಿಷಯ ಸ್ಪಷ್ಟ. ನಾವು ನಮ್ಮ ಚುನಾವಣೆಯ ಲೆಕ್ಕ ಹಾಕುವಷ್ಟರಿಂದ ಅರ್ಧ ಲೆಕ್ಕ ಮಾತ್ರ ಆಗುತ್ತದೆ. ಆ ಕಡೆ ಮತದಾರ ಆರಿಸಿದವನ ಕೈಯಲ್ಲಿ ಭಾರತದ ವಿಷಯ ಪೂರ್ತಿ ಇರುವುದಿಲ್ಲ, ಸೇನೆಯ ಒಪ್ಪಿಗೆ ಬೇಕು. 2013ರಲ್ಲಿ ಗೆದ್ದು ಬಂದ ನವಾಜ್ ಷರೀಫರು 2014ರ ಮೇ 26ರಂದು ನರೇಂದ್ರ ಮೋದಿಯವರ ಪ್ರಮಾಣವಚನಕ್ಕೆ ದಿಲ್ಲಿಗೇ ಬಂದರು, 2015ರ ಡಿಸೆಂಬರ್ 25ರಂದು ಮೋದಿಯವರು ಲಾಹೋರಿನಲ್ಲಿ ಇಳಿದರು. ವಾರ ಕಳೆದ ಬೆನ್ನಿಗೇ ಪಠಾಣಕೋಟದ ವಾಯುನೆಲೆಯ ಮೇಲೆ ದಾಳಿಯಾಯಿತು. ಹಾಗೆಂದು ಚುನಾವಣೆ ಬದಲಾದಾಗಲೆಲ್ಲ ನೀತಿ ಬದಲಾಗುತ್ತದೆಂದೂ ಇಲ್ಲ. 2004ರ ಜನವರಿಯಲ್ಲಿ ವಾಜಪೇಯಿಯವರು ಇಸ್ಲಾಮಾಬಾದಿನಲ್ಲಿ ಆರಂಭಿಸಿದ ಮಾತುಕತೆಯನ್ನು, ಮೇ ತಿಂಗಳಲ್ಲಿ ಸರಕಾರ ಬದಲಾದ ಮೇಲೂ, ಮನಮೋಹನ ಸಿಂಗರು ಮುಂದುವರಿಸಿದರು. ಶ್ರೀನಗರ-ಮುಜಫರಾಬಾದ್ ಬಸ್ಸು ಹೊರಟದ್ದು 2005ರ ಏಪ್ರಿಲಿನಲ್ಲಿ. ಇಂಥ ವರ್ಷಗಳು ಕಡಿಮೆ.

ಕೊಕಟನೂರಿನ ಸುತ್ತಮುತ್ತಲಿನ ಕಬ್ಬಿನ ಬೆಳೆಗಾರರಿಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ಹೇಳದೆ ಬಿಡುವಂತಿಲ್ಲ. 2021ರ ಮಾರ್ಚ್ 31ರಂದು ಪಾಕಿಸ್ತಾನದ ಆರ್ಥಿಕ ಸಮನ್ವಯ ಸಮಿತಿ ಭಾರತದಿಂದ ಐದು ಲಕ್ಷ ಟನ್ ಸಕ್ಕರೆಯನ್ನೂ, ಹತ್ತಿಯನ್ನೂ ತರಿಸಿಕೊಳ್ಳಲು ಅನುಮತಿ ಕೊಟ್ಟಿತು. ಅಲ್ಲಿ ಸಕ್ಕರೆ ದುಬಾರಿಯಾಗಿತ್ತು, ಇಲ್ಲಿ ದಾಸ್ತಾನು ಬಿದ್ದಿತ್ತು. ಕೊಡುವವನಿಗೂ ಕೊಳ್ಳುವವನಿಗೂ ಲಾಭ. ಏಪ್ರಿಲ್ 1ರಂದು ಅವರ ಮಂತ್ರಿಮಂಡಲ ಅದನ್ನು ತಳ್ಳಿಹಾಕಿತು. ಒಂದು ದಿನದ ಆಯುಷ್ಯ! ಕಾಶ್ಮೀರದ ನಿರ್ಧಾರ ಹಿಂತೆಗೆಯದೆ ಭಾರತದೊಡನೆ ವ್ಯಾಪಾರ ಮಾಡಿದರೆ ತಮ್ಮ ಮತದಾರರಿಗೆ ಏನು ಹೇಳುವುದು ಎಂಬ ಅಂಜಿಕೆಯೇ ಇದಕ್ಕೆ ಮುಖ್ಯ ಕಾರಣ. ಅಲ್ಲಿಯ ಗೃಹಿಣಿ ದುಬಾರಿ ಸಕ್ಕರೆಯನ್ನೇ ಕೊಂಡಳು.

ವ್ಯಾಪಾರ ಯಾವಾಗಲೂ ಮೊದಲು ಕಡಿಯುವ ಕೊಂಬೆ, ಕೊನೆಗೆ ಚಿಗುರುವ ಕೊಂಬೆ. ಏಕೆ? ಅದರಿಂದ ನಷ್ಟವಾಗುವವರ ಸಂಖ್ಯೆ ಕಡಿಮೆ, ಅವರು ಚದುರಿಹೋಗಿರುತ್ತಾರೆ. 2018-19ರಲ್ಲಿ ನಾವು ಪಾಕಿಸ್ತಾನಕ್ಕೆ ಕಳಿಸಿದ್ದು ಸುಮಾರು 200 ಕೋಟಿ ಡಾಲರಿನ ಸರಕು, ತರಿಸಿದ್ದು ಸುಮಾರು 50 ಕೋಟಿಯದು. ಇಷ್ಟು ದೊಡ್ಡ ದೇಶಕ್ಕೆ ಇದು ಅಲ್ಪ. ನಿಲ್ಲಿಸಿದರೆ ದೇಶದ ಬೊಕ್ಕಸಕ್ಕೆ ಪೆಟ್ಟಿಲ್ಲ, ಪತ್ರಿಕೆಯಲ್ಲಿ ದೊಡ್ಡ ಅಕ್ಷರದ ಸುದ್ದಿ. ಆದರೆ ಅಮೃತಸರದ ಅಟ್ಟಾರಿಯಲ್ಲಿ ಲಾರಿ ಇಳಿಸುವ ಹಮಾಲಿಗೂ, ಸಿಂಧಿನ ಖರ್ಜೂರದ ರೈತನಿಗೂ ಅದು ಅಲ್ಪವಲ್ಲ. ನಾವು ಬೆಳೆಗಾರರು ಇದನ್ನು ಬೇಗ ಅರಿಯಬಲ್ಲೆವು.

2025ರ ಏಪ್ರಿಲ್ 22ರ ಪಹಲ್ಗಾಮ್ ಹತ್ಯಾಕಾಂಡದ ನಂತರ ಉಳಿದಿದ್ದ ಎಳೆಗಳೂ ಕಡಿದವು. ಮರುದಿನವೇ ಅಟ್ಟಾರಿ ಗೇಟು ಮುಚ್ಚಿತು, ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಡಲಾಯಿತು. ಮೇ 2ರಂದು ಪಾಕಿಸ್ತಾನದ ಸರಕು ನೇರವಾಗಿಯಾಗಲಿ ಬೇರೆ ದೇಶದ ಮೂಲಕವಾಗಲಿ ಬರಕೂಡದೆಂಬ ಆಜ್ಞೆಯಾಯಿತು. ಮೇ 7ರಿಂದ 10ರವರೆಗೆ ಆಪರೇಷನ್ ಸಿಂಧೂರ. ಗಮನಿಸಬೇಕಾದ್ದೆಂದರೆ, ಆಗ ಲೋಕಸಭಾ ಚುನಾವಣೆ ಮುಗಿದು ಒಂದು ವರ್ಷವಾಗುತ್ತ ಬಂದಿತ್ತು. ಎಲ್ಲವನ್ನೂ ಮತಪೆಟ್ಟಿಗೆಯ ತಲೆಗೆ ಕಟ್ಟುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಿಂಧೂ ಒಪ್ಪಂದ 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನರು ಸಹಿ ಮಾಡಿದ್ದು. 1965, 1971, 1999ರ ಯುದ್ಧಗಳನ್ನೂ, ಹತ್ತಾರು ಚುನಾವಣೆಗಳನ್ನೂ ದಾಟಿ ಬಂದಿತ್ತು. ಅದರ ತೂಕ ಅಥಣಿ, ಕಾಗವಾಡ, ರಾಯಬಾಗದವರಿಗೆ ಬೇಗ ತಿಳಿಯುತ್ತದೆ. ಬೇಸಗೆಯಲ್ಲಿ ಕೃಷ್ಣೆ ಬತ್ತಿದಾಗ ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯುವುದು, ಆ ಕಡೆಯ ಉತ್ತರಕ್ಕೆ ಕಾಯುವುದು ಅವರಿಗೆ ಹೊಸತಲ್ಲ. ಒಂದೇ ದೇಶದ ಎರಡು ರಾಜ್ಯಗಳ ನಡುವೆಯೇ ಹೀಗಿರುವಾಗ ಎರಡು ವೈರಿ ದೇಶಗಳ ನಡುವೆ ಅರವತ್ತು ವರ್ಷ ನಡೆದ ಕಾಗದ ಸಾಮಾನ್ಯದ್ದಲ್ಲ. ಅದನ್ನು ಅಮಾನತಿನಲ್ಲಿಟ್ಟದ್ದು ಸರಿಯೇ ತಪ್ಪೇ ಎಂಬುದಕ್ಕಿಂತ, ಮತ್ತೆ ಚಾಲ್ತಿಗೆ ತರುವುದು ಇನ್ನು ಯಾವ ಸರಕಾರಕ್ಕೂ ಸುಲಭವಲ್ಲ ಎಂಬುದನ್ನು ನಾವು ಇಲ್ಲಿ ಹೇಳಬಯಸುತ್ತೇವೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಈ ಸೀಮೆಯಂತೆ ನಮ್ಮ ಕೊಡಗಿನ ಮನೆಗಳಿಂದಲೂ ಸೇನೆಗೆ ಹೋದವರು ಬಹಳ. ಗಡಿ ಬಿಸಿಯಾದಾಗ ಈ ಮನೆಗಳಲ್ಲಿ ರೇಡಿಯೋ ಮುಂದೆ ಕೂರುವವರ ಲೆಕ್ಕ ಬೇರೆಯೇ.

ಕಾಫಿಯವರು, ನಮಗೂ ಪಾಕಿಸ್ತಾನಕ್ಕೂ ವ್ಯಾಪಾರವೇ ಇಲ್ಲವಲ್ಲ ಎನ್ನಬಹುದು. ನಿಜ. ಆದರೆ ಬೇರೆಯವರ ಚುನಾವಣೆ ನಮ್ಮ ಪ್ರತಿಸ್ಪರ್ಧಿಯ ಮೇಲೆ ಬಿದ್ದಾಗ ಏನಾಗುತ್ತದೆಂಬುದನ್ನು ನೀವೂ ನೋಡಿದ್ದೀರಿ. 2024ರ ನವೆಂಬರಿನ ಅಮೆರಿಕದ ಚುನಾವಣೆಯ ನಂತರ ಬಂದ ಸರಕಾರ 2025ರ ಆಗಸ್ಟಿನಲ್ಲಿ ಬ್ರೆಜಿಲಿನ ಕಾಫಿಗೆ ಶೇಕಡಾ 50 ಸುಂಕ ಹಾಕಿತು, ಅದೇ ತಿಂಗಳ 27ರಿಂದ ನಮ್ಮ ಸರಕಿಗೂ 50 ಆಯಿತು. ಅಲ್ಲಿ ಕಾಫಿ ದುಬಾರಿಯಾಗಿ ಜನ ಗೊಣಗತೊಡಗಿದ ಮೇಲೆ ನವೆಂಬರಿನಲ್ಲಿ ಕಾಫಿಯ ಮೇಲಿನ ಹೆಚ್ಚುವರಿ ಸುಂಕವನ್ನು ತೆಗೆದರು. ಅಲ್ಲಿಯೂ ಮತದಾರನೇ ಹಾಕಿಸಿದ್ದು, ಮತದಾರನೇ ತೆಗೆಸಿದ್ದು.

ಅಡಿಕೆಯವರ ಪಾಡು ಇನ್ನೂ ಸೂಕ್ಷ್ಮ. 1947ರಲ್ಲಿ ದೇಶ ಒಡೆದಾಗ ಪೂರ್ವ ಬಂಗಾಳದ ದೊಡ್ಡ ಅಡಿಕೆ ಪ್ರದೇಶ ಆಚೆಗೆ ಹೋಯಿತು. ನಮ್ಮಲ್ಲಿ ಕೊರತೆ ಬಿದ್ದು, 1949ರಲ್ಲಿ ಭಾರತೀಯ ಕೇಂದ್ರ ಅಡಿಕೆ ಸಮಿತಿ, 1956ರಲ್ಲಿ ವಿಟ್ಲದ ಸಂಶೋಧನಾ ಕೇಂದ್ರ ಬಂದವು. ಅಂದರೆ ನೆರೆಯವನೊಡನೆ ಮುರಿದದ್ದು ಒಂದು ಕಾಲದಲ್ಲಿ ನಮ್ಮ ತೋಟಗಳನ್ನು ಬೆಳೆಸಿತು. ಇದಕ್ಕೆ ವ್ಯತಿರಿಕ್ತವಾಗಿ, ನೆರೆಹೊರೆಯವರೊಡನೆ ಸ್ನೇಹ ಬೆಳೆಸಬೇಕಾದಾಗ ದಿಲ್ಲಿಯವರ ಕೈಗೆ ಸುಲಭವಾಗಿ ಸಿಗುವ ಉಡುಗೊರೆಗಳಲ್ಲಿ ಅಡಿಕೆಯ ಆಮದೂ ಒಂದು. ಶ್ರೀಲಂಕೆಯೊಡನೆ 1998ರಲ್ಲಿ ಆದ ಮುಕ್ತ ವ್ಯಾಪಾರ ಒಪ್ಪಂದದಿಂದ ಹಿಡಿದು, 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಕೊಟ್ಟ ಅನುಮತಿಯವರೆಗೆ ಇದನ್ನು ಕಂಡಿದ್ದೇವೆ. ಹಾಗೆಂದು ನೆರೆಯವರೊಡನೆ ಜಗಳವಿರಲಿ ಎಂದು ಬೆಳೆಗಾರ ಬಯಸುವುದು ಸಲ್ಲದು. ನಾವು ಕೇಳಬೇಕಾದದ್ದು ಉಡುಗೊರೆಯ ಖರ್ಚನ್ನು ನಮ್ಮೊಬ್ಬರ ಮೇಲೆ ಹೊರಿಸಬೇಡಿ ಎಂದು. ಅದನ್ನು ಕೇಳಲು ಚುನಾವಣೆಗೆ ಮುಂಚಿನ ತಿಂಗಳುಗಳೇ ತಕ್ಕ ಕಾಲ.

ಕಳ್ಳದಾರಿಯ ವಿಷಯದಲ್ಲಿ ಉತ್ತತ್ತಿ ಮತ್ತು ಅಡಿಕೆ ಎರಡರದೂ ಒಂದೇ ಜಾತಕ. 2025ರ ಜೂನ್‌ನಲ್ಲಿ ಕೇಂದ್ರ ಕಂದಾಯ ಗುಪ್ತಚರ ಇಲಾಖೆಯವರು ನವಾ ಶೇವಾ ಬಂದರಿನಲ್ಲಿ 39 ಕಂಟೇನರುಗಳಲ್ಲಿದ್ದ ಸುಮಾರು 1,115 ಟನ್ ಪಾಕಿಸ್ತಾನಿ ಸರಕನ್ನು ಹಿಡಿದರು. ದುಬೈ ಮೂಲಕ, ಅಲ್ಲಿಯದೇ ಮಾಲೆಂಬ ಕಾಗದದೊಡನೆ ಬಂದ ಅದರಲ್ಲಿ ಒಣ ಖರ್ಜೂರವೂ ಇತ್ತು. ವಿದೇಶಿ ಅಡಿಕೆ ಬೇರೊಂದು ದೇಶದ ಮೂಲ ಪ್ರಮಾಣಪತ್ರ ಹೊತ್ತು ಬರುವ ಪರಿ ನಮಗೆ ಎಷ್ಟೋ ವರ್ಷಗಳಿಂದ ಗೊತ್ತಿರುವುದೇ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ ಮೇಲೂ ಈ ದಾರಿ ಮುಚ್ಚಿಲ್ಲ. ಆದ್ದರಿಂದ ಸದಸ್ಯರು ತಮ್ಮ ಪೇಟೆಯಲ್ಲಿ ಸಂಶಯಾಸ್ಪದ ಮಾಲು, ಅದರಲ್ಲೂ ಊರಿನ ಚಾಲಿಗೆ ಬೆರಸಿದ ಹೊರಗಿನ ಅಡಿಕೆ ಕಂಡುಬಂದಲ್ಲಿ, ಮಾದರಿಯೊಡನೆ ಸಂಘದ ಕಚೇರಿಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರಿಕೆ. ದಿನಾಂಕ ಮತ್ತು ಪೇಟೆಯ ಹೆಸರು ಇರಲಿ.

— ಕಾರ್ಯದರ್ಶಿ